ಸಿದ್ದರಾಮಯ್ಯನವರ ಚುನಾವಣಾ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಾಮುಂಡೇಶ್ವರಿ, ವರುಣಾ, ಬಾದಾಮಿ. ಈ ಮೂರು ಕ್ಷೇತ್ರಗಳ ಲೆಕ್ಕ ಸರಿಯಾಗಿ ಹಾಕಿದರೆ ಸಿದ್ದರಾಮಯ್ಯನವರ ನಾಲ್ಕು ದಶಕಗಳ ಶಾಸಕ ಜೀವನ ಹೆಚ್ಚುಕಡಿಮೆ ಪೂರ್ತಿ ಕೈಗೆ ಸಿಗುತ್ತದೆ. ಆದರೆ ಪತ್ರಿಕೆ, ಭಾಷಣ, ಅಭಿನಂದನಾ ಗ್ರಂಥಗಳಲ್ಲಿ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾರಣ ಬಹುತೇಕ ಒಂದೇ: ಪಕ್ಷ, ಕ್ಷೇತ್ರದ ಗಡಿ, ಉಪಚುನಾವಣೆ ಈ ಮೂರನ್ನು ಗಮನಿಸದೆ ಬರೀ ಗೆಲುವು–ಸೋಲು ಎಣಿಸುವುದು. ವಿದ್ಯಾರ್ಥಿಗಳು, ವರದಿಗಾರರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಒಟ್ಟು ಎಷ್ಟು ಬಾರಿ ವಿಧಾನಸಭೆಗೆ ನಿಂತರು? ಎಷ್ಟು ಸಲ ಗೆದ್ದರು?

2023ರವರೆಗೆ ವಿಧಾನಸಭೆಗೆ 12 ಸ್ಪರ್ಧೆ, 9 ಗೆಲುವು, 3 ಸೋಲು. ಸಾಲಾಗಿ ಹೀಗೆ:

1983 – ಚಾಮುಂಡೇಶ್ವರಿ, ಗೆಲುವು
1985 – ಚಾಮುಂಡೇಶ್ವರಿ, ಜನತಾ ಪಕ್ಷ, ಗೆಲುವು
1989 – ಚಾಮುಂಡೇಶ್ವರಿ, ಜನತಾದಳ, ಸೋಲು (ಕಾಂಗ್ರೆಸ್ಸಿನ ಎಂ. ರಾಜಶೇಖರಮೂರ್ತಿ ಎದುರು)
1994 – ಚಾಮುಂಡೇಶ್ವರಿ, ಜನತಾದಳ, ಗೆಲುವು
1999 – ಚಾಮುಂಡೇಶ್ವರಿ, ಜೆಡಿಎಸ್, ಸೋಲು (ಕಾಂಗ್ರೆಸ್ಸಿನ ಎ.ಎಸ್. ಗುರುಸ್ವಾಮಿ ಎದುರು)
2004 – ಚಾಮುಂಡೇಶ್ವರಿ, ಜೆಡಿಎಸ್, ಗೆಲುವು
2006 ಉಪಚುನಾವಣೆ – ಚಾಮುಂಡೇಶ್ವರಿ, ಕಾಂಗ್ರೆಸ್, ಗೆಲುವು
2008 – ವರುಣಾ, ಕಾಂಗ್ರೆಸ್, ಗೆಲುವು
2013 – ವರುಣಾ, ಕಾಂಗ್ರೆಸ್, ಗೆಲುವು
2018 – ಬಾದಾಮಿ, ಕಾಂಗ್ರೆಸ್, ಗೆಲುವು
2018 – ಚಾಮುಂಡೇಶ್ವರಿ, ಕಾಂಗ್ರೆಸ್, ಸೋಲು (ಜೆಡಿಎಸ್‌ನ ಜಿ.ಟಿ. ದೇವೇಗೌಡ ಎದುರು)
2023 – ವರುಣಾ, ಕಾಂಗ್ರೆಸ್, ಗೆಲುವು

ಇದರ ಹೊರಗೆ 1991ರಲ್ಲಿ ಕೊಪ್ಪಳದಿಂದ ಲೋಕಸಭೆಗೆ ನಿಂತು ಕಾಂಗ್ರೆಸ್ಸಿನ ಬಸವರಾಜ ಪಾಟೀಲ ಅನ್ವರಿ ಅವರ ಎದುರು ಸುಮಾರು 11 ಸಾವಿರ ಮತಗಳಿಂದ ಸೋತರು. ಲೋಕಸಭೆಯ ಸ್ಪರ್ಧೆಯನ್ನು ವಿಧಾನಸಭೆಯ ಪಟ್ಟಿಯೊಳಗೆ ಸೇರಿಸಬಾರದು.

ಕೆಲವರು 8 ಎನ್ನುತ್ತಾರೆ, ಕೆಲವರು 9 ಎನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ, ಎಣಿಸುವ ವಸ್ತು ಬೇರೆ. ಗೆದ್ದ ಚುನಾವಣೆಗಳು 9. ಸದಸ್ಯರಾಗಿ ಕೂತ ವಿಧಾನಸಭೆಗಳು 8: 7, 8, 10, 12, 13, 14, 15 ಮತ್ತು 16ನೆಯವು. 2004ರ ಗೆಲುವು ಮತ್ತು 2006ರ ಉಪಚುನಾವಣೆಯ ಗೆಲುವು ಎರಡೂ 12ನೇ ವಿಧಾನಸಭೆಗೇ ಸೇರಿದವು. ಅದಕ್ಕೇ ಈ ಒಂದರ ವ್ಯತ್ಯಾಸ. ಇವರೊಬ್ಬರದೇ ಅಲ್ಲ, ನಡುವೆ ರಾಜೀನಾಮೆ ಕೊಟ್ಟು ಮರಳಿ ಗೆದ್ದ ಯಾವ ಶಾಸಕರ ದಾಖಲೆ ತೆಗೆದರೂ ಇದೇ ಗೊಂದಲ ಎದುರಾಗುತ್ತದೆ. 2019ರಲ್ಲಿ ರಾಜೀನಾಮೆ ಕೊಟ್ಟು ಅದೇ ವರ್ಷ ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದುಬಂದ ಶಾಸಕರ ವಿಷಯದಲ್ಲೂ ಹೀಗೆಯೇ ಎರಡು ಕಾಲಂ ಇಟ್ಟುಕೊಳ್ಳಬೇಕು: "ಗೆದ್ದ ಚುನಾವಣೆ" ಒಂದು, "ಯಾವ ವಿಧಾನಸಭೆ" ಇನ್ನೊಂದು.

1983ರಲ್ಲಿ ಯಾವ ಪಕ್ಷ? ಲೋಕದಳವೋ ಪಕ್ಷೇತರವೋ?

ಭಾರತೀಯ ಲೋಕದಳದ ಅಭ್ಯರ್ಥಿ ಎಂದು ಅವರ ಜೀವನ ವಿವರಗಳಲ್ಲಿ ಬರುತ್ತದೆ; ಕೆಲವು ಕೋಷ್ಟಕಗಳಲ್ಲಿ ಪಕ್ಷೇತರ ಎಂದೂ ಇರುತ್ತದೆ. ಇಂಥ ಕಡೆ ಒಂದು ವಿಷಯ ತಿಳಿದಿರಬೇಕು. ಚುನಾವಣಾ ದಾಖಲೆಯಲ್ಲಿ ಪಕ್ಷದ ಹೆಸರು ಬರುವುದು ಅಭ್ಯರ್ಥಿ ಯಾರ ಜೊತೆ ಗುರುತಿಸಿಕೊಂಡಿದ್ದರು ಎಂಬುದರಿಂದಲ್ಲ. ಚುನಾವಣಾಧಿಕಾರಿ ಆ ಅಭ್ಯರ್ಥಿಯನ್ನು ಯಾವ ಪಕ್ಷದವರೆಂದು ಒಪ್ಪಿಕೊಂಡರು, ಯಾವ ಚಿಹ್ನೆ ಕೊಟ್ಟರು ಎಂಬುದರಿಂದ. ಬಿ ಫಾರಂ (ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ) ಸಮಯಕ್ಕೆ ಸರಿಯಾಗಿ ಬರದಿದ್ದರೆ ಇಂದಿಗೂ ಪಕ್ಷದ ಮನುಷ್ಯ ಪಕ್ಷೇತರನಾಗಿಯೇ ಕಣದಲ್ಲಿ ಉಳಿಯಬೇಕಾಗುತ್ತದೆ. ಹಾಗಾಗಿ ಬರೆಯುವಾಗ "ಲೋಕದಳದಿಂದ ಸ್ಪರ್ಧಿಸಿದರು" ಎಂದು ಬರೆದು, ಕೋಷ್ಟಕದಲ್ಲಿ ಆಯೋಗದ ವರದಿಯಲ್ಲಿ ಇರುವುದನ್ನೇ ಹಾಕುವುದು ಕ್ಷೇಮ.

ಗೆದ್ದ ಮೇಲೆ ಅವರು ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರಕ್ಕೆ ಬೆಂಬಲ ಕೊಟ್ಟರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. 1985ರಲ್ಲಿ ಜನತಾ ಪಕ್ಷದಿಂದ ಗೆದ್ದ ನಂತರ ಮಂತ್ರಿಯಾದರು. ರೇಷ್ಮೆ, ಪಶುಸಂಗೋಪನೆ, ಸಾರಿಗೆ ಖಾತೆಗಳನ್ನು ಆ ಅವಧಿಯಲ್ಲಿ ನೋಡಿಕೊಂಡರು.

ಎಷ್ಟು ಸಲ ಪಕ್ಷ ಬದಲಿಸಿದರು?

ಈ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ಜನತಾ ಪಕ್ಷದಿಂದ ಜನತಾದಳಕ್ಕೆ ಹೋದದ್ದು ಪಕ್ಷಾಂತರ ಅಲ್ಲ, 1988ರಲ್ಲಿ ಪಕ್ಷಗಳೇ ಒಂದಾಗಿ ಜನತಾದಳವಾಯಿತು. 1999ರಲ್ಲಿ ಜನತಾದಳ ಒಡೆದಾಗ ಎಚ್.ಡಿ. ದೇವೇಗೌಡರ ಜೊತೆ ಜೆಡಿಎಸ್ ಕಡೆ ಉಳಿದದ್ದು ಒಡಕಿನಲ್ಲಿ ಒಂದು ಬಣ ಆರಿಸಿಕೊಂಡದ್ದು, ಜೆ.ಎಚ್. ಪಟೇಲರು ಆಗ ಇನ್ನೊಂದು ಬಣದಲ್ಲಿದ್ದರು. ನಿಜವಾಗಿ ಒಂದು ಪಕ್ಷ ಬಿಟ್ಟು ಎದುರಾಳಿ ಪಕ್ಷಕ್ಕೆ ಹೋದದ್ದು 2006ರಲ್ಲಿ, ಜೆಡಿಎಸ್‌ನಿಂದ ಕಾಂಗ್ರೆಸ್ಸಿಗೆ.

ಅದರ ಹಿನ್ನೆಲೆ ಗೊತ್ತಿರುವುದೇ. 2004ರ ಮೇ 28ರಂದು ಎನ್. ಧರ್ಮಸಿಂಗ್ ನೇತೃತ್ವದ ಕಾಂಗ್ರೆಸ್–ಜೆಡಿಎಸ್ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾದರು. ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರನ್ನು ಒಂದುಗೂಡಿಸುವ ಅಹಿಂದ ಸಮಾವೇಶಗಳ ಮುಂಚೂಣಿಯಲ್ಲಿ ನಿಂತದ್ದು ಪಕ್ಷದ ನಾಯಕತ್ವದ ಜೊತೆ ಜಟಾಪಟಿಗೆ ಕಾರಣವಾಯಿತು. 2005ರ ಆಗಸ್ಟಿನಲ್ಲಿ ಆ ಸ್ಥಾನ ಹೋಯಿತು, ಮುಂದೆ ಪಕ್ಷದಿಂದ ಉಚ್ಚಾಟನೆಯೂ ಆಯಿತು.

ಉಚ್ಚಾಟನೆ ಆದ ಮೇಲೆ ಸುಮ್ಮನೆ ಕಾಂಗ್ರೆಸ್ ಸೇರಬಹುದಿತ್ತಲ್ಲ? ರಾಜೀನಾಮೆ ಕೊಟ್ಟು ಉಪಚುನಾವಣೆಗೆ ಯಾಕೆ ಹೋದರು?

ಸೇರಿದ್ದರೆ ಶಾಸಕತ್ವವೇ ಹೋಗುವ ಅಪಾಯವಿತ್ತು. ಪಕ್ಷ ಹೊರಹಾಕಿದ ಮೇಲೆ ಶಾಸಕ ಸ್ವತಂತ್ರ ಎಂಬುದು ಜನಸಾಮಾನ್ಯರ ತಿಳಿವಳಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಜಿ. ವಿಶ್ವನಾಥನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು: ಉಚ್ಚಾಟನೆಗೊಂಡರೂ ಆ ಸದಸ್ಯ ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ ಕಾನೂನಿನ) ಮಟ್ಟಿಗೆ ತನ್ನನ್ನು ಕಣಕ್ಕಿಳಿಸಿದ ಪಕ್ಷದವನೇ. ಬೇರೆ ಪಕ್ಷ ಸೇರಿದರೆ ಹಳೆಯ ಪಕ್ಷವನ್ನು ತಾನಾಗಿ ಬಿಟ್ಟಂತೆ ಆಗುತ್ತದೆ, ಅನರ್ಹತೆ ಬರುತ್ತದೆ. ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೊರಬಂದರೆ "ವಿಭಜನೆ" ಎಂದು ಬಚಾವಾಗುವ ದಾರಿ ಮೊದಲು ಇತ್ತು. 2003ರ 91ನೇ ತಿದ್ದುಪಡಿ ಅದನ್ನೂ ಮುಚ್ಚಿತು. ಉಳಿದ ನೇರ ದಾರಿ ಒಂದೇ: ಶಾಸಕ ಸ್ಥಾನಕ್ಕೆ ರಾಜೀನಾಮೆ, ಹೊಸ ಪಕ್ಷದ ಬಿ ಫಾರಂ, ಮತ್ತೆ ಮತದಾರರ ಮುಂದೆ.

ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಆ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ, ಅಥವಾ ಆ ಅವಧಿಯೊಳಗೆ ನಡೆಸುವುದು ಕಷ್ಟ ಎಂದು ಚುನಾವಣಾ ಆಯೋಗ ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ದೃಢೀಕರಿಸಿದರೆ, ಈ ನಿಯಮ ಅನ್ವಯಿಸುವುದಿಲ್ಲ.

257 ಮತಗಳ ಗೆಲುವು ಎಂದರೆ ಅದೇ ಚುನಾವಣೆಯೇ?

ಹೌದು, 2006ರ ಡಿಸೆಂಬರಿನ ಚಾಮುಂಡೇಶ್ವರಿ ಉಪಚುನಾವಣೆ. ಆಗ ರಾಜ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಜೆಡಿಎಸ್–ಬಿಜೆಪಿ ಸರ್ಕಾರ. ಜೆಡಿಎಸ್ ಅಭ್ಯರ್ಥಿ ಎಂ. ಶಿವಬಸಪ್ಪ. ಸಿದ್ದರಾಮಯ್ಯನವರಿಗೆ 1,15,512 ಮತ, ಶಿವಬಸಪ್ಪನವರಿಗೆ 1,15,255 ಮತ. ಇಬ್ಬರೂ ಸೇರಿ ಪಡೆದ ಮತಗಳಲ್ಲಿ ಅಂತರ ಶೇ. 0.11ರಷ್ಟು.

ಅಂತರವನ್ನು ಓದುವಾಗ ಒಂದು ಸಣ್ಣ ಲೆಕ್ಕ ಮಾಡಿ. ಫಲಿತಾಂಶ ತಿರುಗಲು 257 ಮಂದಿ ಬೇರೆ ಕಡೆ ಹೋಗಬೇಕಿರಲಿಲ್ಲ. ಒಬ್ಬ ಮತದಾರ ಇತ್ತಲಿಂದ ಅತ್ತ ಹೋದರೆ ಅಂತರ ಎರಡು ಕಡಿಮೆಯಾಗುತ್ತದೆ. ಹಾಗಾಗಿ 129 ಮಂದಿ ಮನಸ್ಸು ಬದಲಿಸಿದ್ದರೆ ಸಾಕಿತ್ತು. ಎರಡು ಲಕ್ಷ ಮೂವತ್ತು ಸಾವಿರ ಮತಗಳಲ್ಲಿ 129! ಆ ದಿನ ಸೋತಿದ್ದರೆ ಮುಂದಿನ ಹದಿನೈದು ವರ್ಷಗಳ ಕರ್ನಾಟಕದ ರಾಜಕೀಯ ಬೇರೆಯೇ ಆಗಿರುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. ಅವರ ಇಡೀ ದಾಖಲೆಯಲ್ಲಿ ಇದಕ್ಕಿಂತ ನಿರ್ಣಾಯಕವಾದ ಚುನಾವಣೆ ಇನ್ನೊಂದಿಲ್ಲ, 2013ರದ್ದೂ ಅಲ್ಲ.

ರಾಜ್ಯದಲ್ಲಿ ಅತಿ ಕಡಿಮೆ ಅಂತರ ಇದಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751, ಒಂದೇ ಒಂದು ಮತ. ಅದೂ ಸಮ ಆಗಿದ್ದರೆ ಚೀಟಿ ಎತ್ತಬೇಕಿತ್ತು. ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಪ್ರಕಾರ ಚೀಟಿ ಗೆದ್ದವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ.

2008ರಲ್ಲಿ ಚಾಮುಂಡೇಶ್ವರಿ ಬಿಟ್ಟು ವರುಣಾಕ್ಕೆ ಹೋದದ್ದು ಯಾಕೆ?

ಕ್ಷೇತ್ರ ಅವರನ್ನು ಬಿಟ್ಟಿತು ಎಂದರೆ ಹೆಚ್ಚು ಸರಿ. 2001ರ ಜನಗಣತಿಯ ಆಧಾರದ ಕ್ಷೇತ್ರ ಪುನರ್ವಿಂಗಡಣೆ 2008ರ ಚುನಾವಣೆಗೆ ಜಾರಿಗೆ ಬಂತು. ಒಟ್ಟು ಸ್ಥಾನ 224 ಆಗಿಯೇ ಉಳಿದರೂ ಗಡಿಗಳು ಕಲಸಿಹೋದವು. ವರುಣಾ ಹೊಸದಾಗಿ ಹುಟ್ಟಿತು. ಅವರ ಹುಟ್ಟೂರು ಸಿದ್ದರಾಮನಹುಂಡಿ ಅದರೊಳಗೆ ಬಂತು. ಮೈಸೂರು, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳು ಸೇರಿ ಆದ ಕ್ಷೇತ್ರ ಇದು. ಜಿಲ್ಲೆ ಮೈಸೂರು, ಆದರೆ ಲೋಕಸಭೆಗೆ ಚಾಮರಾಜನಗರ. ಚಾಮುಂಡೇಶ್ವರಿ ಮಾತ್ರ ಮೈಸೂರು ಲೋಕಸಭಾ ಕ್ಷೇತ್ರದಲ್ಲಿದೆ. ಇವೆರಡನ್ನು ಅದಲುಬದಲು ಮಾಡುವುದು ಬಹಳ ಸಾಮಾನ್ಯ ತಪ್ಪು.

ಆದ್ದರಿಂದ 2006ರ ಚಾಮುಂಡೇಶ್ವರಿಯ ಮತಗಳನ್ನು 2018ರ ಚಾಮುಂಡೇಶ್ವರಿಯ ಮತಗಳ ಪಕ್ಕ ಇಟ್ಟು "ಇಷ್ಟು ಮತ ಕಳೆದುಕೊಂಡರು" ಎಂದು ಬರೆಯಬೇಡಿ. ಹೆಸರು ಒಂದೇ, ಮತದಾರರ ಪಟ್ಟಿ ಒಂದಲ್ಲ.

ವರುಣಾದಲ್ಲಿ 2008ರಲ್ಲಿ ಬಿಜೆಪಿಯ ಎಲ್. ರೇವಣಸಿದ್ದಯ್ಯ ಅವರನ್ನು 18,837 ಮತಗಳಿಂದ, 2013ರಲ್ಲಿ ಕೆಜೆಪಿಯ (ಕರ್ನಾಟಕ ಜನತಾ ಪಕ್ಷ) ಕಾಪು ಸಿದ್ದಲಿಂಗಸ್ವಾಮಿ ಅವರನ್ನು 29,641 ಮತಗಳಿಂದ (84,385 ಮತ್ತು 54,744) ಸೋಲಿಸಿದರು.

2018ರಲ್ಲಿ ಎರಡು ಕಡೆ ನಿಂತದ್ದು ಕಾನೂನುಬದ್ಧವೇ? ಎರಡೂ ಕಡೆ ಗೆದ್ದಿದ್ದರೆ?

ಕಾನೂನುಬದ್ಧ. ಪ್ರಜಾಪ್ರತಿನಿಧಿ ಕಾಯ್ದೆಯ 33(7)ನೇ ಕಲಂ ಪ್ರಕಾರ ಒಂದೇ ಚುನಾವಣೆಯಲ್ಲಿ ಎರಡು ಕ್ಷೇತ್ರಗಳವರೆಗೆ ನಿಲ್ಲಬಹುದು. ಈ ಮಿತಿ 1996ರಲ್ಲಿ ಬಂದದ್ದು. ಅದಕ್ಕೆ ಮೊದಲು ಎಷ್ಟು ಕಡೆಯಾದರೂ ನಿಲ್ಲಬಹುದಿತ್ತು. ಎರಡೂ ಕಡೆ ಗೆದ್ದರೆ 14 ದಿನದೊಳಗೆ ಒಂದಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ 70ನೇ ಕಲಂ ಪ್ರಕಾರ ಎರಡೂ ತೆರವಾಗುತ್ತವೆ. ಎರಡು ಕ್ಷೇತ್ರಕ್ಕೆ ಎರಡು ನಾಮಪತ್ರ, ಎರಡು ಪ್ರಮಾಣಪತ್ರ, ಎರಡು ಠೇವಣಿ, ಎರಡು ಪ್ರತ್ಯೇಕ ವೆಚ್ಚದ ಲೆಕ್ಕ. ಒಂದರ ಖರ್ಚನ್ನು ಇನ್ನೊಂದರಲ್ಲಿ ತೋರಿಸುವಂತಿಲ್ಲ.

ಆ ಸಲ ವರುಣಾವನ್ನು ಮಗ ಯತೀಂದ್ರ ಅವರಿಗೆ ಬಿಟ್ಟುಕೊಟ್ಟು ಸಿದ್ದರಾಮಯ್ಯ ಹಳೆಯ ಚಾಮುಂಡೇಶ್ವರಿಗೆ ಮರಳಿದರು, ಜೊತೆಗೆ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲೂ ನಾಮಪತ್ರ ಹಾಕಿದರು. ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರಿಗೆ 1,21,325, ಇವರಿಗೆ 85,283. ಸೋಲಿನ ಅಂತರ 36,042. ಬಾದಾಮಿಯಲ್ಲಿ ಇವರಿಗೆ 67,599, ಬಿಜೆಪಿಯ ಬಿ. ಶ್ರೀರಾಮುಲು ಅವರಿಗೆ 65,903. ಗೆಲುವಿನ ಅಂತರ 1,696. ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿದರೆ 849 ಮತದಾರರು. ಬಾದಾಮಿ ಇಲ್ಲದೇ ಹೋಗಿದ್ದರೆ ಐದು ವರ್ಷ ಪೂರ್ತಿ ಆಡಳಿತ ನಡೆಸಿದ ಮುಖ್ಯಮಂತ್ರಿ ಆ ವಿಧಾನಸಭೆಯಲ್ಲೇ ಇರುತ್ತಿರಲಿಲ್ಲ.

ಚಾಮುಂಡೇಶ್ವರಿಯಲ್ಲಿ ಅಷ್ಟು ದೊಡ್ಡ ಸೋಲು ಹೇಗಾಯಿತು?

ಮೂರು ವಿಷಯ ಒಟ್ಟಿಗೆ ನೋಡಬೇಕು. ಮೊದಲನೆಯದು, ಹತ್ತು ವರ್ಷ ಅವರು ಆ ಕ್ಷೇತ್ರದ ಶಾಸಕರಾಗಿರಲಿಲ್ಲ, ಗಡಿಯೂ ಬದಲಾಗಿತ್ತು. ಎರಡನೆಯದು, ಎದುರಾಳಿ 2013ರಲ್ಲೇ ಅಲ್ಲಿ ಗೆದ್ದು ಹಾಲಿ ಶಾಸಕರಾಗಿದ್ದವರು, ಹಿಂದೆ ಜೊತೆಗೇ ರಾಜಕೀಯ ಮಾಡಿ ಇವರ ಪಟ್ಟುಗಳೆಲ್ಲ ಬಲ್ಲವರು. ಮೂರನೆಯದು, ವಿರೋಧಿ ಮತಗಳು ಒಡೆಯಲಿಲ್ಲ. ತ್ರಿಕೋನ ಸ್ಪರ್ಧೆಯಲ್ಲಿ 85 ಸಾವಿರ ಮತ ಗೆಲುವಿನ ಮತವೇ. ನೇರ ಹಣಾಹಣಿಯಲ್ಲಿ ಅದು ಸಾಲದು. ಬಾದಾಮಿಯಲ್ಲಿ ಇದರ ಉಲ್ಟಾ ಆಯಿತು. ಅಲ್ಲಿ ಜೆಡಿಎಸ್ ಅಭ್ಯರ್ಥಿ 24 ಸಾವಿರ ದಾಟಿದರು, ಶೇಕಡಾವಾರು ಮತದ ಜೊತೆ ಮೂರನೇ ಅಭ್ಯರ್ಥಿಯ ಮತವನ್ನೂ ಯಾಕೆ ನೋಡಬೇಕು ಎಂಬುದಕ್ಕೆ ಈ ಎರಡು ಫಲಿತಾಂಶಕ್ಕಿಂತ ಒಳ್ಳೆಯ ಪಾಠ ಸಿಗದು.

ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕ, ಉಪಮುಖ್ಯಮಂತ್ರಿ ಸ್ಥಾನಗಳ ದಿನಾಂಕಗಳು?

ಉಪಮುಖ್ಯಮಂತ್ರಿ ಎರಡು ಸಲ: 1996ರಿಂದ 1999ರ ಜುಲೈವರೆಗೆ ಜೆ.ಎಚ್. ಪಟೇಲರ ಸಂಪುಟದಲ್ಲಿ, 2004–05ರಲ್ಲಿ ಧರ್ಮಸಿಂಗ್ ಸಂಪುಟದಲ್ಲಿ. ವಿರೋಧ ಪಕ್ಷದ ನಾಯಕ ಎರಡು ಸಲ: 2009ರಲ್ಲಿ ಮಲ್ಲಿಕಾರ್ಜುನ ಖರ್ಗೆ ಲೋಕಸಭೆಗೆ ಹೋದ ಮೇಲೆ 2013ರವರೆಗೆ, ಮತ್ತೆ 2019ರ ಅಕ್ಟೋಬರಿನಿಂದ 2023ರವರೆಗೆ. ಮುಖ್ಯಮಂತ್ರಿಯಾಗಿ ಮೊದಲ ಅವಧಿ 2013ರ ಮೇ 13ರಿಂದ 2018ರ ಮೇ 17ರವರೆಗೆ. ದೇವರಾಜ ಅರಸರ ನಂತರ ಐದು ವರ್ಷದ ಅವಧಿ ಪೂರೈಸಿದವರು ಇವರು. ಎರಡನೇ ಪ್ರಮಾಣವಚನ 2023ರ ಮೇ 20ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ.

ಬಜೆಟ್ ಲೆಕ್ಕ?

1994ರಲ್ಲಿ ದೇವೇಗೌಡರ ಸಂಪುಟದಲ್ಲಿ ಹಣಕಾಸು ಸಚಿವರಾದಾಗಿನಿಂದ ಎಣಿಸಬೇಕು. ಮುಖ್ಯಮಂತ್ರಿ ಆಗುವ ಮುನ್ನ 7, ಮೊದಲ ಅವಧಿಯಲ್ಲಿ 6. 2025ರ ಮಾರ್ಚ್ 7ರಂದು ಮಂಡಿಸಿದ್ದು 16ನೆಯದು.

2023ರಲ್ಲಿ ಕೋಲಾರ ಎಂದಿದ್ದರಲ್ಲ?

ಜನವರಿಯಲ್ಲಿ ಕೋಲಾರದಿಂದ ಸ್ಪರ್ಧಿಸುವುದಾಗಿ ಘೋಷಿಸಿದ್ದರು. ಮಾರ್ಚ್ ಕೊನೆಯಲ್ಲಿ ಬಂದ ಕಾಂಗ್ರೆಸ್ಸಿನ ಮೊದಲ ಪಟ್ಟಿಯಲ್ಲಿ ಅವರ ಹೆಸರು ವರುಣಾದ ಎದುರು ಇತ್ತು. ಅಲ್ಲಿ ಬಿಜೆಪಿಯ ವಿ. ಸೋಮಣ್ಣ ಎದುರು 1,19,816 – 73,653, ಅಂತರ 46,163. ಘೋಷಣೆ ಸ್ಪರ್ಧೆಯಲ್ಲ, ನಾಮಪತ್ರ ಸಲ್ಲಿಕೆಯಾದ ಕ್ಷೇತ್ರ ಮಾತ್ರ ದಾಖಲೆಗೆ ಬರಬೇಕು.

ಈ ಅಂಕಿಗಳನ್ನು ನಾನೇ ಪರಿಶೀಲಿಸುವುದು ಹೇಗೆ?

ಮೊದಲು ಚುನಾವಣಾ ಆಯೋಗದ ಜಾಲತಾಣದಲ್ಲಿ ಆಯಾ ವರ್ಷದ ಕರ್ನಾಟಕ ವಿಧಾನಸಭೆಯ ಅಂಕಿಅಂಶ ವರದಿ ಇಳಿಸಿಕೊಳ್ಳಿ. ಅದರಲ್ಲಿ ಕ್ಷೇತ್ರವಾರು ವಿವರದ ಭಾಗಕ್ಕೆ ಹೋಗಿ ಅಭ್ಯರ್ಥಿ, ಪಕ್ಷ, ಮತ ಬರೆದುಕೊಳ್ಳಿ. ಹೆಸರಿನ ಇಂಗ್ಲಿಷ್ ಕಾಗುಣಿತ ವರ್ಷದಿಂದ ವರ್ಷಕ್ಕೆ ಬೇರೆ ಇರುತ್ತದೆ, ಹಾಗಾಗಿ ಹೆಸರು ಹುಡುಕುವ ಬದಲು ಕ್ಷೇತ್ರ ಹುಡುಕಿ. ಕ್ಷೇತ್ರದ ಸಂಖ್ಯೆಯನ್ನೂ ನಂಬಬೇಡಿ, 2008ರಲ್ಲಿ ಸಂಖ್ಯೆಗಳೂ ಬದಲಾದವು.

ಉಪಚುನಾವಣೆಗಳು ಆ ವರದಿಯಲ್ಲಿ ಇರುವುದಿಲ್ಲ. 2006ರ ಗೆಲುವು ಎಷ್ಟೋ ಪಟ್ಟಿಗಳಿಂದ ಬಿಟ್ಟುಹೋಗಿರುವುದು ಇದೇ ಕಾರಣಕ್ಕೆ. ಅವನ್ನು ಪ್ರತ್ಯೇಕವಾಗಿ ಹುಡುಕಬೇಕು.

ಮತಗಟ್ಟೆವಾರು ಲೆಕ್ಕ ಬೇಕಿದ್ದರೆ ನಮೂನೆ 20 ನೋಡಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಇತ್ತೀಚಿನ ಚುನಾವಣೆಗಳದ್ದು ಸಿಗುತ್ತದೆ. ಮತಯಂತ್ರದ ಮತ ಮತಗಟ್ಟೆವಾರು ಇರುತ್ತದೆ, ಅಂಚೆ ಮತ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರುತ್ತದೆ. ಮತಗಟ್ಟೆಗಳನ್ನಷ್ಟೇ ಕೂಡಿ ನಿಲ್ಲಿಸಿದರೆ ಒಟ್ಟು ಮೊತ್ತ ಕೆಲವು ನೂರು ಕಡಿಮೆ ಬರುತ್ತದೆ. ಲೆಕ್ಕ ತಪ್ಪಿಲ್ಲ, ಆ ಸಾಲು ಬಿಟ್ಟಿದ್ದೀರಿ. ಎಣಿಕೆ ದಿನ ಪರದೆಯಲ್ಲಿ ತೋರಿದ ಮುನ್ನಡೆಯ ಅಂಕಿಯನ್ನು ಅಂತರವೆಂದು ಬರೆದುಕೊಳ್ಳುವುದು ಇನ್ನೊಂದು ತಪ್ಪು. ಆಗಿನ್ನೂ ಎಲ್ಲ ಸುತ್ತು ಮುಗಿದಿರುವುದಿಲ್ಲ.

ಶೇಕಡಾವಾರು ಮತ ನನಗೊಂದು, ಪತ್ರಿಕೆಗೊಂದು ಬರುತ್ತಿದೆ. ಯಾಕೆ?

ಹೆಚ್ಚಾಗಿ ನೋಟಾ ("ಮೇಲಿನ ಯಾರೂ ಅಲ್ಲ" ಎಂಬ ಮತ) ಕಾರಣ. ಒಬ್ಬರು ಚಲಾವಣೆಯಾದ ಒಟ್ಟು ಮತದಿಂದ ಭಾಗಿಸಿರುತ್ತಾರೆ, ಇನ್ನೊಬ್ಬರು ನೋಟಾ ತೆಗೆದ ಸಿಂಧು ಮತದಿಂದ. ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ಬಳಸಿ. ಠೇವಣಿ ಲೆಕ್ಕಕ್ಕೆ ಮಾತ್ರ ಆಯ್ಕೆ ಇಲ್ಲ: ನೋಟಾ ಬಿಟ್ಟು, ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ವಿಧಾನಸಭೆಯ 10,000 ರೂಪಾಯಿ ಠೇವಣಿ ಉಳಿಯುತ್ತದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ 5,000). ಇನ್ನು, 2013ರ ಮೇ ಚುನಾವಣೆಯಲ್ಲಿ ಕರ್ನಾಟಕದಲ್ಲಿ ನೋಟಾ ಇರಲೇ ಇಲ್ಲ. ಅದಕ್ಕೆ ದಾರಿ ಮಾಡಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಹಾಗಾಗಿ 2013 ಮತ್ತು 2018ರ ಶೇಕಡಾವಾರು ಹೋಲಿಸುವಾಗ ನೋಟಾ ತೆಗೆದೇ ಹೋಲಿಸಿ.

ಆಸ್ತಿ, ಪ್ರಕರಣಗಳ ವಿವರ ಎಲ್ಲಿಂದ ಸಿಗುತ್ತದೆ? 1983ರದ್ದು ಸಿಗುತ್ತದೆಯೇ?

1983ರದ್ದಾಗಲಿ 1999ರದ್ದಾಗಲಿ ಸಿಗುವುದಿಲ್ಲ, ಯಾಕೆಂದರೆ ಆಗ ಕೊಡಬೇಕೆಂಬ ನಿಯಮವೇ ಇರಲಿಲ್ಲ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರವಷ್ಟೇ ಇದು ಕಡ್ಡಾಯವಾದದ್ದು. 2012ರಿಂದ ಎಲ್ಲವೂ ನಮೂನೆ 26 ಎಂಬ ಒಂದೇ ಪ್ರಮಾಣಪತ್ರದಲ್ಲಿ ಬರುತ್ತದೆ; 2019ರಿಂದ ಐದು ವರ್ಷಗಳ ಆದಾಯ ತೆರಿಗೆ ವಿವರವನ್ನೂ ಹಾಕಬೇಕು. ಆಯೋಗದ ಪ್ರಮಾಣಪತ್ರಗಳ ತಾಣದಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಯ ಹೆಸರಿನೆದುರು ಕಡತ ಇಳಿಯುತ್ತದೆ. ಒಬ್ಬರೇ ಎರಡು ಮೂರು ಸೆಟ್ ನಾಮಪತ್ರ ಹಾಕಿದ್ದರೆ ಕಡತಗಳೂ ಎರಡು ಮೂರು ಕಾಣುತ್ತವೆ; ತಿದ್ದಿದ ಪ್ರಮಾಣಪತ್ರ ಇದ್ದರೆ ಕೊನೆಯ ದಿನಾಂಕದ್ದನ್ನು ಓದಿ.

ಓದುವಾಗ ಅಭ್ಯರ್ಥಿ, ಸಂಗಾತಿ, ಅವಿಭಕ್ತ ಕುಟುಂಬ, ಅವಲಂಬಿತರು ಎಂಬ ಕಾಲಂಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಸ್ಥಿರಾಸ್ತಿಗೆ ಕೊಂಡಾಗಿನ ಬೆಲೆ ಮತ್ತು ಈಗಿನ ಮಾರುಕಟ್ಟೆ ಬೆಲೆ ಎರಡೂ ಇರುತ್ತವೆ. ಐದು ವರ್ಷದಲ್ಲಿ ಆಸ್ತಿ ಇಷ್ಟು ಪಟ್ಟು ಏರಿತು ಎಂಬ ಸುದ್ದಿಗಳಲ್ಲಿ ಎಷ್ಟೋ ಸಲ ಹೊಸ ಆಸ್ತಿ ಇರುವುದಿಲ್ಲ, ಅದೇ ಜಮೀನಿನ ಮಾರುಕಟ್ಟೆ ಬೆಲೆ ಏರಿರುತ್ತದೆ. ಸಾಲದ ಕಾಲಂ ಕಳೆಯದೆ ಒಟ್ಟು ಆಸ್ತಿ ಹೇಳುವುದೂ ಸರಿಯಲ್ಲ.

ಚುನಾವಣೆಗೆ ಮಾಡಿದ ಖರ್ಚು ಇದರಲ್ಲಿ ಇರುವುದಿಲ್ಲ. ಅದರ ಲೆಕ್ಕವನ್ನು ಫಲಿತಾಂಶದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಪ್ರತ್ಯೇಕವಾಗಿ ಕೊಡಬೇಕು. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2018ರಲ್ಲಿ 28 ಲಕ್ಷ ರೂಪಾಯಿ, 2023ರಲ್ಲಿ 40 ಲಕ್ಷ ರೂಪಾಯಿ ಇತ್ತು. ಈ ಲೆಕ್ಕಪತ್ರವನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ನೋಡಬಹುದು.